ಕತ್ತರಿಸಿದ ಕಾಲು ಎಲ್ಲಿಗೆ ಹೋಗುತ್ತೆ? ಕಾರವಾರದ ಒಂದು ವಾರ್ಡಿನ ಪ್ರಕರಣ

ಮೊದಲು ರೋಗಿಯ ವಿಚಾರ. ವಯಸ್ಸು 64, ಗಂಡಸು, ಕಾರವಾರದ ಹತ್ತಿರದ ಕಡಲತಡಿ ಊರಿನವರು. ಹುಡುಗನಾಗಿದ್ದಾಗಿನಿಂದ ಸಮುದ್ರಕ್ಕೆ ಹೋದವರು, ಕೊನೆಯ ಹದಿನೈದಿಪ್ಪತ್ತು ವರ್ಷ ಪರ್ಸೀನ್ ಬೋಟಿನಲ್ಲಿ (ಮೀನಿನ ಹಿಂಡನ್ನು ಸುತ್ತುವರಿದು ಬಲೆ ಹಾಕುವ ಬೋಟು) ತಾಂಡೇಲರಾಗಿದ್ದವರು. ಘಟ್ಟದ ಮೇಲಿನವರಿಗೆ ಹೇಳಬೇಕು ಅಂದರೆ, ತಾಂಡೇಲ ಅಂದರೆ ಬೋಟಿನ ಯಜಮಾನಿಕೆ ಮಾಡುವವನು, ಬಲೆ ಎಲ್ಲಿ ಬಿಡಬೇಕು, ಯಾವಾಗ ದಡಕ್ಕೆ ತಿರುಗಬೇಕು ಅಂತ ತೀರ್ಮಾನ ಮಾಡುವವನು. ವಾರ್ಡಿನಲ್ಲೂ ಎಲ್ಲರೂ ಅವರನ್ನು ತಾಂಡೇಲರೇ ಅಂತಲೇ ಕರೆಯುತ್ತಿದ್ದರು, ಇಲ್ಲೂ ಹಾಗೇ ಕರೆಯುತ್ತೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಾಯಿಸಿದ್ದೇನೆ. ಆಸ್ಪತ್ರೆಯ ಹೆಸರೂ ಬೇಡ.

ಸಕ್ಕರೆ ಕಾಯಿಲೆ ಹಳೆಯದು. ಮಾತ್ರೆ ನೆನಪಾದಾಗ ಮಾತ್ರ. ಮೇ ಕೊನೆಯಲ್ಲಿ ಬೋಟನ್ನು ದಡಕ್ಕೆ ತರುವ ಗಡಿಬಿಡಿಯಲ್ಲಿ ಬಲಗಾಲಿನ ಅಂಗಾಲಿಗೆ ಕಲ್ಲಿಗೆ ಅಂಟಿದ್ದ ಚಿಪ್ಪು ಕೊಯ್ದಿತು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಮೀನು ಹಿಡಿಯುವಂತಿಲ್ಲ. ಹಾಗಾಗಿ ಮೇ ಕೊನೆ ಅಂದರೆ ಬಂದರಿನಲ್ಲಿ ಯಾರಿಗೂ ಕಾಲು ನೋಡಿಕೊಳ್ಳುವಷ್ಟು ಪುರುಸೊತ್ತು ಇರುವುದಿಲ್ಲ. ಇವರಿಗಂತೂ ಕೊಯ್ದದ್ದೇ ಗೊತ್ತಾಗಲಿಲ್ಲ. ಸಕ್ಕರೆಯಿಂದ ನರ ಹಾಳಾದ ಕಾಲಿಗೆ ನೋವು ತಿಳಿಯುವುದಿಲ್ಲ, ಅದೇ ಆ ಕಾಯಿಲೆಯ ಮೋಸ. ಮಳೆ ಶುರುವಾಯಿತು, ಕಾಲು ಒದ್ದೆಯಲ್ಲೇ ಇತ್ತು, ಮನೆಮದ್ದು ಆಯಿತು. ಜುಲೈನಲ್ಲಿ ಮಗಳು ವಾಸನೆ ತಡೆಯಲಾಗದೆ ಆಸ್ಪತ್ರೆಗೆ ಎಳೆದುಕೊಂಡು ಬಂದಳು.

ಬಂದಾಗ ಮೂರು ಬೆರಳು ಕಪ್ಪಾಗಿದ್ದವು, ಪಾದದ ಮುಂಭಾಗ ಊದಿ ಕೀವು ತುಂಬಿತ್ತು, ಜ್ವರ ಇತ್ತು. ಕೊಳೆತದ್ದನ್ನು ತೆಗೆದು ತೊಳೆದರು, ಆಂಟಿಬಯೋಟಿಕ್ ಶುರು ಮಾಡಿದರು, ಇನ್ಸುಲಿನ್ ಶುರುವಾಯಿತು. ಜ್ವರ ಇಳಿಯಿತು. ಪಾದ ಮಾತ್ರ ಉಳಿಯುವಂತಿರಲಿಲ್ಲ. ರಕ್ತದ ಹರಿವು ನೋಡುವ ಡಾಪ್ಲರ್ ಪರೀಕ್ಷೆಯಲ್ಲಿ ಮೊಣಕಾಲಿನ ತನಕ ರಕ್ತ ಚೆನ್ನಾಗಿ ಹರಿಯುತ್ತಿದೆ ಅಂತ ಕಂಡಿತು. ಹಾಗಾಗಿ ಮೊಣಕಾಲಿನ ಕೆಳಗೆ ತೆಗೆದರೆ ಸಾಕು, ಆದರೆ ತೆಗೆಯಲೇಬೇಕು ಅಂತ ಸರ್ಜನ್ ಹೇಳಿದರು.

ತಾಂಡೇಲರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲಿಲ್ಲ. ಜಗಳ ಮಾಡಲಿಲ್ಲ, ಅಳಲಿಲ್ಲ. "ಬೇಡ" ಅಂದರು, ಗೋಡೆ ಕಡೆ ತಿರುಗಿ ಮಲಗಿದರು.

ಇಂಥ ಹೊತ್ತಲ್ಲಿ ವಾರ್ಡಿನಲ್ಲಿ ಮೂರು ಊಹೆ ಓಡಾಡುತ್ತವೆ. ದುಡ್ಡಿಲ್ಲ, ಭಯ, ಅಥವಾ ಮನೆಯವರು ಬೇಡ ಅಂದಿರಬೇಕು. ದುಡ್ಡಿನ ಪ್ರಶ್ನೆ ಇರಲಿಲ್ಲ, ಆಯುಷ್ಮಾನ್ ಕಾರ್ಡ್ ಇತ್ತು. ಮನೆಯವರು ಬೇಡ ಅನ್ನಲಿಲ್ಲ, ಮಗಳೇ ಸಹಿ ಹಾಕಿ ಅಂತ ಕಾಲಿಗೆ ಬೀಳುತ್ತಿದ್ದಳು. ಹಾಗಾದರೆ ಭಯ ಅಂತ ಬರೆದರು. ಬಿರುಗಾಳಿಯಲ್ಲಿ ಬೋಟು ತಂದ ಮನುಷ್ಯನಿಗೆ ಯಾವುದರ ಭಯ ಅಂತ ಯಾರೂ ಕೇಳಲಿಲ್ಲ. ದಾಖಲಾತಿ ಹಾಳೆಯಲ್ಲಿ "ಧರ್ಮ: ಹಿಂದೂ" ಅಂತ ಇತ್ತು. ಅಧ್ಯಾತ್ಮಿಕ ಅಗತ್ಯದ ಬಗ್ಗೆ ಆ ಹಾಳೆಯಲ್ಲಿ ಇದ್ದದ್ದು ಅಷ್ಟೇ.

ಸುಳಿವು ಸಿಕ್ಕಿದ್ದು ಗ್ಲುಕೋಮೀಟರಿನಿಂದ. ಭಾನುವಾರ ಬೆಳಗಿನ ಜಾವ ತಾಂಡೇಲರು ಬೆವರಿ ನಡುಗುತ್ತಿದ್ದರು, ಸಕ್ಕರೆ 58ಕ್ಕೆ ಇಳಿದಿತ್ತು. ನೈಟ್ ಡ್ಯೂಟಿ ಸಿಸ್ಟರ್ ಗ್ಲೂಕೋಸ್ ಕೊಟ್ಟು ಸರಿಮಾಡಿದರು. ಆಮೇಲೆ ಗೊತ್ತಾಯಿತು, ಹಿಂದಿನ ರಾತ್ರಿ ಇನ್ಸುಲಿನ್ ಹಾಕಿಸಿಕೊಂಡಿದ್ದಾರೆ, ಊಟದ ತಟ್ಟೆ ತೆಗೆದುಕೊಂಡಿದ್ದಾರೆ, ಆದರೆ ಊಟ ಮಾಡಿಲ್ಲ. ತಟ್ಟೆ ಮಗಳ ಕೈಗೆ ಹೋಗಿದೆ. ಯಾಕೆ ಅಂದರೆ ಶನಿವಾರ ಒಪ್ಪತ್ತು.

ಇಲ್ಲಿ ಆ ಸಿಸ್ಟರ್ ಮಾಡಿದ್ದು ನನಗೆ ಇವತ್ತಿಗೂ ಮೆಚ್ಚುಗೆ. "ಆಸ್ಪತ್ರೇಲಿ ಇದೆಲ್ಲ ನಡೆಯಲ್ಲ" ಅಂತ ಬೈಯಬಹುದಿತ್ತು, ಮೂರು ಗಂಟೆ ರಾತ್ರಿಯಲ್ಲಿ ಬೈದರೂ ತಪ್ಪು ಅನ್ನುವಂತಿರಲಿಲ್ಲ. ಅವರು ಬೈಯಲಿಲ್ಲ, "ಯಾವಾಗಿನಿಂದ ಮಾಡ್ತಿದ್ದೀರಿ ತಾಂಡೇಲರೇ?" ಅಂತ ಕೇಳಿದರು.

"ಕ್ಯಾರ್ ಬಂದ ವರ್ಷದಿಂದ."

ಅಷ್ಟೇ ಉತ್ತರ. ಆದರೆ ಕಾರವಾರದಲ್ಲಿದ್ದವರಿಗೆ ಅದು ದೊಡ್ಡ ಉತ್ತರ. 2019ರ ಅಕ್ಟೋಬರ್ ಕೊನೆಯಲ್ಲಿ ಅರಬ್ಬಿ ಸಮುದ್ರದಲ್ಲಿ ಎದ್ದ ಚಂಡಮಾರುತ ಅದು, ದಡಕ್ಕೆ ಬರಲಿಲ್ಲ, ಆದರೂ ಸಮುದ್ರದಲ್ಲಿದ್ದವರ ಜೀವ ಬಾಯಿಗೆ ತಂದಿತ್ತು. ಹುಟ್ಟಿನಿಂದ ಮಾಡಿಕೊಂಡು ಬಂದ ವಾರ ಬೇರೆ, ಒಂದು ಬಿರುಗಾಳಿಯ ನಂತರ ಶುರುವಾದ ವಾರ ಬೇರೆ. ಸಿಸ್ಟರ್ ಬೆಳಗ್ಗೆ ಡ್ಯೂಟಿ ಒಪ್ಪಿಸುವಾಗ ಎರಡು ವಿಷಯ ಹೇಳಿದರು: ಶನಿವಾರ ರಾತ್ರಿಯ ಇನ್ಸುಲಿನ್ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ, ಮತ್ತೆ ಈ ಮನುಷ್ಯನಿಗೆ ಏನೋ ಹರಕೆ ಬಾಕಿ ಇದೆ, ನನಗೆ ಹಾಗನ್ನಿಸುತ್ತೆ.

ಪಾಠದ ವಿಚಾರ ಸ್ವಲ್ಪ ಇಲ್ಲೇ ಹೇಳಿಬಿಡುತ್ತೇನೆ. ನರ್ಸಿಂಗ್ ಓದಿದವರಿಗೆಲ್ಲ ವರ್ಜೀನಿಯಾ ಹೆಂಡರ್ಸನ್ ಅವರ 14 ಅಗತ್ಯಗಳ ಪಟ್ಟಿ ಗೊತ್ತು. ಉಸಿರಾಟದಿಂದ ಶುರುವಾಗುತ್ತೆ. ತನ್ನ ನಂಬಿಕೆಯಂತೆ ಪೂಜೆ ಪ್ರಾರ್ಥನೆ ಮಾಡುವುದು ಅದರಲ್ಲಿ 11ನೆಯದು. ಮಾರ್ಜರಿ ಗಾರ್ಡನ್ ಅವರ ಆರೋಗ್ಯ ಮಾದರಿಗಳ ಪಟ್ಟಿಯಲ್ಲೂ ಮೌಲ್ಯ ಮತ್ತು ನಂಬಿಕೆ 11ನೆಯದು, ಅಲ್ಲಿಗೆ ಪಟ್ಟಿಯೇ ಮುಗಿಯುತ್ತೆ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಕ್ಲಾಸಿನ ಗಂಟೆಯೂ ಮುಗಿದಿರುತ್ತೆ, ವಾರ್ಡಿನಲ್ಲಾದರೆ ಇನ್ನೊಂದು ಕೇಸ್ ಬಂದಿರುತ್ತೆ. ಹೀಗಾಗಿ ಹನ್ನೊಂದು ಅನ್ನೋದು ಪರೀಕ್ಷೆಗೆ ಬರೆಯೋ ಅಂಕಿಯಾಗಿ ಉಳಿದುಬಿಟ್ಟಿದೆ. ಆದರೆ ಇದು ಹೊಸ ವಿಚಾರವೇನೂ ಅಲ್ಲ. ಅಮೆರಿಕದಲ್ಲಿ ನರ್ಸಿಂಗ್ ಡಯಾಗ್ನೋಸಿಸ್ ಪಟ್ಟಿಗೆ, ಅಂದರೆ ನರ್ಸ್ ಗುರುತಿಸಬೇಕಾದ ತೊಂದರೆಗಳ ಪಟ್ಟಿಗೆ, 'ಸ್ಪಿರಿಚುಯಲ್ ಡಿಸ್ಟ್ರೆಸ್' (ಅಧ್ಯಾತ್ಮಿಕ ಸಂಕಟ) ಸೇರಿದ್ದು 1978ರಲ್ಲಿ. ಮರುವರ್ಷವೇ ರೂತ್ ಸ್ಟೋಲ್ ಎಂಬ ನರ್ಸ್ ರೋಗಿಯನ್ನು ಹೇಗೆ ಕೇಳಬೇಕು ಅಂತ ಒಂದು ಮಾರ್ಗದರ್ಶಿ ಬರೆದರು. 1996ರಲ್ಲಿ ಡಾ. ಕ್ರಿಸ್ಟೀನಾ ಪುಚಾಲ್ಸ್ಕಿ ಮಾಡಿದ ಫೈಕಾ (FICA) ಪ್ರಶ್ನೆಗಳು ಈಗ ಅನೇಕ ಕಡೆ ಬಳಕೆಯಲ್ಲಿವೆ. ನಂಬಿಕೆ ಏನು, ಅದು ಬದುಕಿನಲ್ಲಿ ಎಷ್ಟು ಮುಖ್ಯ, ಜೊತೆಗೆ ಯಾರಿದ್ದಾರೆ, ನಾವೇನು ಮಾಡಬೇಕು. ನಾಲ್ಕೇ ಪ್ರಶ್ನೆ.

ಪ್ರಶ್ನೆಗಳು ಚೆನ್ನಾಗಿವೆ. ಆದರೆ ಅವನ್ನು ಹಾಗೇ ಪಠ್ಯಪುಸ್ತಕದ ಕನ್ನಡಕ್ಕೆ ತಿರುಗಿಸಿ "ನಿಮ್ಮ ಅಧ್ಯಾತ್ಮಿಕ ನಂಬಿಕೆಗಳು ಯಾವುವು?" ಅಂತ ತಾಂಡೇಲರ ಮುಂದೆ ನಿಂತು ಕೇಳಿದರೆ ಅವರು "ಎಲ್ಲಾ ದೇವರೂ ಒಂದೇ" ಅಂತ ಹೇಳಿ ಕಣ್ಣು ಮುಚ್ಚಿಕೊಳ್ಳುತ್ತಾರೆ. ಯಾರಾದರೂ ಅಷ್ಟೇ ಹೇಳುತ್ತಾರೆ.

ಹಗಲು ಡ್ಯೂಟಿಯಲ್ಲಿದ್ದವಳು ಶಿರಸಿ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಹೆಚ್ಚು ಕಾಲ ಆಗಿರಲಿಲ್ಲ. ಅವಳಿಗೆ ಕೊಂಕಣಿ ಅಷ್ಟಕ್ಕಷ್ಟೆ, ತಾಂಡೇಲರಿಗೆ ಕನ್ನಡ ಬರುತ್ತಿತ್ತು ಆದರೆ ಒಳಗಿನ ಮಾತಿಗೆ ಕೊಂಕಣಿಯೇ ಬೇಕಿತ್ತು. ಮಗಳು ಮಧ್ಯದಲ್ಲಿ ಕೂತಳು. ಹುಡುಗಿ ಪ್ರಶ್ನೆ ಹಾಳೆ ತರಲಿಲ್ಲ, ಡ್ರೆಸ್ಸಿಂಗ್ ಟ್ರೇ ತಂದಳು. ಈ ಕಾಲಿನ ಡ್ರೆಸ್ಸಿಂಗ್‌ಗೆ ಹೇಗೂ ಅರ್ಧ ಗಂಟೆ ಬೇಕು. ಕೈ ಕೆಲಸದಲ್ಲಿದ್ದಾಗ, ಮುಖಕ್ಕೆ ಮುಖ ಕೊಡಬೇಕಾಗಿಲ್ಲದಾಗ, ಗಂಡಸರು ಸ್ವಲ್ಪ ಬಾಯಿ ಬಿಡುತ್ತಾರೆ ಅನ್ನೋದು ನಾನೂ ಕಂಡದ್ದು.

ತೋಳಿನಲ್ಲಿ ತಾಯತ ಇತ್ತು. "ಇದು ಎಲ್ಲಿಂದ?" ಅಂತ ಕೇಳಿದಳು. ಸದಾಶಿವಗಡದ ದರ್ಗಾದ್ದು, ಹೆಂಡತಿ ತಂದು ಕಟ್ಟಿದ್ದು. ಮನೆಯ ಹಿಂದೆ ಚೌಡಿ ಇದ್ದಾಳೆ, ವರ್ಷಕ್ಕೊಮ್ಮೆ ಕೋಳಿ. ಕಡಲಿಗೆ ಹೋಗುವಾಗ ನೆನೆಸುವುದು ಕೂರ್ಮಗಡ ದ್ವೀಪದ ನರಸಿಂಹನನ್ನು. ನೋಡಿ, ಹಾಳೆಯಲ್ಲಿ "ಹಿಂದೂ" ಅಂತ ಒಂದು ಪದ ಬರೆದುಕೊಂಡಿದ್ದೆವು, ಅದರಲ್ಲಿ ಇಷ್ಟರಲ್ಲಿ ಯಾವುದೂ ಕಾಣುತ್ತಿರಲಿಲ್ಲ. ಕರಾವಳಿಯಲ್ಲಿ ಇದು ವಿಶೇಷವೂ ಅಲ್ಲ, ಹತ್ತು ಮನೆ ಹೊಕ್ಕರೆ ಇಂಥದ್ದೇ ಸಿಗುತ್ತೆ.

"ನರಸಿಂಹನಿಗೆ ಏನಾದರೂ ಹೇಳಿಕೊಂಡಿದ್ದೀರಾ?"

ಆಮೇಲೆ ಬಂದ ಮಾತು ಮಗಳಿಗೂ ಹೊಸತು. ಕ್ಯಾರ್ ಸಮಯದಲ್ಲಿ ಬೋಟು ಹೊರಗಿತ್ತು, ಇಪ್ಪತ್ತಕ್ಕೂ ಜಾಸ್ತಿ ಜನ ಹತ್ತಿದ್ದರು, ಎಲ್ಲರೂ ಇವರ ಮಾತಿನ ಮೇಲೆ ಹೋದವರು. ಆಗ ಹೇಳಿಕೊಂಡಿದ್ದಾರೆ: ಎಲ್ಲರೂ ದಡ ಸೇರಿದರೆ ಜಾತ್ರೆಗೆ ಬಾಳೆಗೊನೆ ಹೆಗಲ ಮೇಲೆ ಹೊತ್ತು ಬರಿಗಾಲಲ್ಲಿ ನಿನ್ನ ಗುಡ್ಡ ಹತ್ತುತ್ತೇನೆ. ಎಲ್ಲರೂ ದಡ ಸೇರಿದರು. ಕೂರ್ಮಗಡದ ಜಾತ್ರೆ ಪುಷ್ಯ ಹುಣ್ಣಿಮೆಗೆ, ಅಂದರೆ ಹೆಚ್ಚಾಗಿ ಜನವರಿಯಲ್ಲಿ, ದ್ವೀಪಕ್ಕೆ ದೋಣಿಯಲ್ಲೇ ಹೋಗಬೇಕು. ಆ ಜನವರಿಯಲ್ಲಿ ಹೆಂಡತಿ ಹಾಸಿಗೆ ಹಿಡಿದಿದ್ದರು, ಹೋಗಲಾಗಲಿಲ್ಲ. ಆಮೇಲೆ ಹೆಂಡತಿ ತೀರಿಕೊಂಡರು, ಸೂತಕ. ಆಮೇಲೆ ಕೊರೋನಾ. ಆಮೇಲೆ ನಾಚಿಕೆ, ಇಷ್ಟು ವರ್ಷ ಬಿಟ್ಟು ಯಾವ ಮುಖ ಹೊತ್ತು ಹೋಗುವುದು ಅಂತ. ಅದಕ್ಕೇ ಶನಿವಾರದ ಒಪ್ಪತ್ತು. "ಅಸಲು ಕೊಟ್ಟಿಲ್ಲ ಸಿಸ್ಟರ್, ಬಡ್ಡಿ ಕಟ್ಟುತ್ತಾ ಇದ್ದೇನೆ" ಅಂದರು. "ಬರಿಗಾಲಲ್ಲಿ ಬರ್ತೇನೆ ಅಂತ ಹೇಳಿದ ಕಾಲು ಇದು. ಇದನ್ನೇ ಕೇಳ್ತಾ ಇದ್ದಾನೆ. ಈಗ ಕತ್ತರಿಸಿಬಿಟ್ಟರೆ ಮತ್ತೆ ಯಾವ ಕಾಲಲ್ಲಿ ಹತ್ತಲಿ?"

ಅಂದರೆ ಅವರು ಆಪರೇಷನ್ ಬೇಡ ಅನ್ನುತ್ತಿರಲಿಲ್ಲ. ಮೊದಲು ಹರಕೆ, ಆಮೇಲೆ ಆಪರೇಷನ್ ಅನ್ನುತ್ತಿದ್ದರು, ಬಾಯಿ ಬಿಟ್ಟು ಹೇಳದೆ. ಜುಲೈ ತಿಂಗಳು, ಸಮುದ್ರ ಕುದಿಯುತ್ತಿದೆ, ದ್ವೀಪಕ್ಕೆ ದೋಣಿ ಹೋಗುವುದಿಲ್ಲ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಗೋಡೆ ಕಡೆ ತಿರುಗಿ ಮಲಗಿದ್ದು.

ಇದಕ್ಕೆ ಮೊದಲು ಒಬ್ಬರು ಒಳ್ಳೆ ಮನಸ್ಸಿನಿಂದಲೇ ಅವರಿಗೆ ಹೇಳಿದ್ದರು, ದೇವರ ಮೇಲೆ ಭಾರ ಹಾಕಿ ಸಹಿ ಮಾಡಿ ಅಂತ. ನಾವೆಲ್ಲರೂ ದಿನಾ ಹೇಳುವ ಮಾತು. ಆದರೆ ಈ ಮನುಷ್ಯನಿಗೆ ಭಾರ ಇದ್ದದ್ದೇ ಆ ದೇವರದ್ದು. ಸಾಲಗಾರನಿಗೆ ಸಾಲ ಕೊಟ್ಟವನ ಮನೆಗೇ ಹೋಗಿ ಮಲಗು ಅಂದ ಹಾಗಾಯಿತು. ರೋಗಿಯ ದೇವರು ಅವರಿಗೆ ಈಗ ಏನಾಗಿದ್ದಾನೆ ಅಂತ ತಿಳಿಯದೆ ದೇವರ ಮಾತು ಎತ್ತಬಾರದು ಅಂತ ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇದಕ್ಕೇ. ಸಮಾಧಾನದ ಮಾತು ಆಮೇಲೆ. ಮೊದಲು ಕೇಳಬೇಕು.

ಈಗ ಏನು ಮಾಡುವುದು? ಹರಕೆ ಬದಲಾಯಿಸಬಹುದಾ, ಮುಂದೆ ಹಾಕಬಹುದಾ, ಬೇರೆಯವರು ತೀರಿಸಬಹುದಾ, ಇದಕ್ಕೆ ಉತ್ತರ ಕೊಡುವ ಅಧಿಕಾರ ನರ್ಸಿಗೆ ಇಲ್ಲ. "ದೇವರು ಅಷ್ಟು ಕ್ರೂರಿ ಅಲ್ಲ ಬಿಡಿ" ಅಂತ ಹೇಳುವುದೂ ಒಂದು ರೀತಿ ತೀರ್ಪೇ. ಹುಡುಗಿ ಅದನ್ನು ಹೇಳಲಿಲ್ಲ. "ಇದನ್ನ ಯಾರ ಹತ್ತಿರ ಕೇಳಿದರೆ ನಿಮಗೆ ಸಮಾಧಾನ?" ಅಂದಳು. ಫೈಕಾದ ಮೂರನೇ ಪ್ರಶ್ನೆ ಅದೇ, ಬೇರೆ ಬಟ್ಟೆ ಹಾಕಿಕೊಂಡು ಬಂದಿದೆ. ಉತ್ತರ ಸಿಕ್ಕಿತು: ಊರಿನ ದೇವಸ್ಥಾನದಲ್ಲಿ ಪೂಜೆ ಮಾಡುವ ಗುನಗರು. ಅವರು ಹೂವಿಟ್ಟು ಪ್ರಸಾದ ಕೇಳುತ್ತಾರೆ, ಬಲಗಡೆ ಬಿದ್ದರೆ ಆಯಿತು ಅಂತ.

ಸರ್ಜನ್‌ಗೆ ವಿಷಯ ಹೋಯಿತು. ಅವರು ಕೇಳಿಸಿಕೊಂಡರು, ಗಾಯ ನೋಡಿದರು, ಮಂಗಳವಾರ ಬೆಳಗ್ಗೆ ತನಕ ಕಾಯಬಹುದು, ಆದರೆ ಜ್ವರ ಏರಿದರೆ ಅಥವಾ ಕಪ್ಪು ಪಾದ ದಾಟಿ ಮೇಲೆ ಬಂದರೆ ಆ ಗಳಿಗೆಯಲ್ಲೇ ಮತ್ತೆ ಮಾತಾಡಬೇಕು ಅಂದರು. ಆ ಗಡುವನ್ನು ಮಗಳಿಗೂ ತಾಂಡೇಲರಿಗೂ ಮೊದಲೇ ಹೇಳಿದೆವು. ಜೂನಿಯರ್ ಡಾಕ್ಟರೊಬ್ಬರಿಗೆ ಮಾತ್ರ ಇದು ಸ್ವಲ್ಪವೂ ಹಿಡಿಸಲಿಲ್ಲ. "ಹೂವು ಎಡಗಡೆ ಬಿದ್ದರೆ ಏನ್ ಮಾಡ್ತೀರಿ ಸಿಸ್ಟರ್? ಹೂವು ಹೇಳಿದ ಹಾಗೆ ನಾವು ಆಪರೇಷನ್ ಮಾಡೋದಾ?"

ಪ್ರಶ್ನೆ ಸರಿಯಾದದ್ದೇ. ಅದಕ್ಕೆ ನಮ್ಮ ಹತ್ತಿರ ಒಳ್ಳೆ ಉತ್ತರ ಇರಲಿಲ್ಲ. ಉತ್ತರ ಕೊಟ್ಟವಳು ಮಗಳು. ಅವಳು ಹತ್ತನೇ ಕ್ಲಾಸ್ ಓದಿ ಮೀನು ಮಾರುಕಟ್ಟೆಯಲ್ಲಿ ಕೂರುವವಳು. "ಕಾಲು ತೆಗೀಬೇಕಾ ಬೇಡವಾ ಅಂತ ದೇವರನ್ನ ಯಾಕೆ ಕೇಳಲಿ? ಅದನ್ನ ಡಾಕ್ಟರ್ ಹೇಳಿ ಆಯ್ತಲ್ಲ. ನಾನು ಕೇಳೋದು ಹರಕೆ ವಿಚಾರ ಮಾತ್ರ. ತಪ್ಪು ಕಾಣಿಕೆ ಕಟ್ಟಿದರೆ ಆಗ್ತದಾ, ಗೊನೆ ನಮ್ಮಣ್ಣ ಹೊತ್ತರೆ ಆಗ್ತದಾ ಅಂತ." ಇಷ್ಟು ಚೊಕ್ಕಟವಾಗಿ ಯಾವ ಎಥಿಕ್ಸ್ ಸಮಿತಿಯೂ ವಿಷಯ ಬೇರೆ ಮಾಡುತ್ತಿರಲಿಲ್ಲ. ಅಪ್ಪನೂ ಒಪ್ಪಿದರು. ದೇವರಿಗೆ ಯಾವ ಪ್ರಶ್ನೆ ಅಂತ ಮೊದಲೇ ಅಪ್ಪ ಮಗಳು ಮಾತಾಡಿಕೊಂಡದ್ದರಿಂದ ಹೂವು ಯಾವ ಕಡೆ ಬಿದ್ದರೂ ಆಪರೇಷನ್ ನಿಲ್ಲುವ ಸ್ಥಿತಿ ಬರುತ್ತಿರಲಿಲ್ಲ. ಬಲಗಡೆಯೇ ಬಿತ್ತು ಅಂತ ಸೋಮವಾರ ಮಧ್ಯಾಹ್ನ ಬಂದು ಹೇಳಿದಳು. ಬೀಳದಿದ್ದರೆ ಏನಾಗುತ್ತಿತ್ತು ಅಂತ ಜೂನಿಯರ್ ಡಾಕ್ಟರ್ ಈಗಲೂ ಕೇಳುತ್ತಾರೆ, ಆ ಒಂದು ದಿನ ಕಾದದ್ದೇ ಅಪಾಯ ಅನ್ನುತ್ತಾರೆ. ನನ್ನ ಲೆಕ್ಕ ಬೇರೆ. ಸಹಿ ಇಲ್ಲದೆ ಹೋಗುತ್ತಿದ್ದ ದಿನಗಳು ಅವು, ಆ ಒಂದು ದಿನವೂ ಸಹಿ ಇಲ್ಲದೇ ಹೋಗುತ್ತಿತ್ತು. ಆದರೆ ಕೀವು ಏರುತ್ತಿದ್ದ ಕೇಸ್ ಆಗಿದ್ದರೆ ಅವರ ಮಾತೇ ಸರಿ. ಗುನಗರ ಮನೆಗೆ ಹೋಗಿ ಬರುವಷ್ಟು ಸಮಯ ಇರುತ್ತಿರಲಿಲ್ಲ, ಫೋನಿನಲ್ಲೇ ಕೇಳಿಸಬೇಕಾಗುತ್ತಿತ್ತು.

ಇಷ್ಟಾದ ಮೇಲೆ ಸಹಿ ಹಾಕುತ್ತಾರೆ ಅಂತ ಎಲ್ಲರೂ ಅಂದುಕೊಂಡೆವು. ಮಂಚದ ಮೇಲೆ ಕೂತು ಹಳದಿ ಬಟ್ಟೆಯಲ್ಲಿ ನಾಣ್ಯ ಕಟ್ಟಿ ತಪ್ಪು ಕಾಣಿಕೆ ತೆಗೆದಿಟ್ಟರು. ಮುಖ ಹಗುರಾಗಿತ್ತು. ಆದರೂ ಪೆನ್ ಹಿಡಿಯಲಿಲ್ಲ.

ಆ ದಿನದ ಡ್ರೆಸ್ಸಿಂಗ್ ಹೊತ್ತಿಗೆ ಅವರೇ ಕೇಳಿದರು, ಮಗಳು ಚಹಾ ತರಲು ಹೋಗಿದ್ದಾಗ, ಕನ್ನಡದಲ್ಲೇ.

"ತೆಗೆದ ಕಾಲು ಏನ್ ಮಾಡ್ತೀರಿ?"

ಫೈಕಾದಲ್ಲಿ ಈ ಪ್ರಶ್ನೆ ಇಲ್ಲ. 2001ರಲ್ಲಿ ಬಂದ, ಇದೇ ಥರದ ಹೋಪ್ (HOPE) ಪ್ರಶ್ನೆಗಳಲ್ಲೂ ಇಲ್ಲ, ಸ್ಟೋಲ್ ಅವರ ಮಾರ್ಗದರ್ಶಿಯಲ್ಲೂ ಇಲ್ಲ. ನಮ್ಮ ಒಪ್ಪಿಗೆ ಪತ್ರದಲ್ಲಿ ರಕ್ತಸ್ರಾವದಿಂದ ಹಿಡಿದು ಅರಿವಳಿಕೆಯ ಅಪಾಯದ ತನಕ ಎಲ್ಲ ಇದೆ, ಇದು ಮಾತ್ರ ಇಲ್ಲ. ಯೋಚಿಸಿ ನೋಡಿ, 64 ವರ್ಷ ತನ್ನದಾಗಿದ್ದ ಕಾಲು ಎಲ್ಲಿಗೆ ಹೋಗುತ್ತೆ ಅಂತ ಕೇಳುವುದಕ್ಕಿಂತ ಸಹಜವಾದ ಪ್ರಶ್ನೆ ಯಾವುದಿದೆ?

ಬಂದರಿನಲ್ಲಿ ಯಾರೋ ಹೇಳಿದ್ದರಂತೆ, ಆಸ್ಪತ್ರೆಯವರು ಕೈಕಾಲು ಹಿಂದಿನ ಗುಂಡಿಗೆ ಎಸೆಯುತ್ತಾರೆ, ನಾಯಿ ಎಳೆದುಕೊಂಡು ಹೋಗುತ್ತೆ ಅಂತ. ಮೀನಿನ ತ್ಯಾಜ್ಯದ ಮೇಲೆ ನಾಯಿ, ಕಾಗೆ, ಹದ್ದು ಮುಗಿಬೀಳುವುದನ್ನು ದಿನಾ ಕಂಡವರಿಗೆ ಈ ಮಾತು ಕಣ್ಣಿಗೆ ಕಟ್ಟಿದ ಹಾಗೆ ಬಂದಿರಬೇಕು. ಅವರ ಕುಲದಲ್ಲಿ ಸತ್ತವರನ್ನು ಸುಡುತ್ತಾರೆ. ಒಂದು ಕಾಲು ನಾಯಿ ಪಾಲಾಗಿ ಉಳಿದ ದೇಹ ಮಾತ್ರ ಬೆಂಕಿಗೆ ಹೋದರೆ ಹೋಗುವವನು ಪೂರ್ತಿ ಹೋಗುತ್ತಾನಾ? ಅವರ ಭಯ ಇದೇ ಆಗಿತ್ತು. ಹರಕೆಯ ಚಿಂತೆ ಇದರ ಮೇಲಿನ ಪದರ.

ಹುಡುಗಿಗೆ ಉತ್ತರ ಪೂರ್ತಿ ಗೊತ್ತಿರಲಿಲ್ಲ. "ಅದೆಲ್ಲ ಈಗ ಯಾಕೆ" ಅನ್ನಲಿಲ್ಲ, ಸುಮ್ನೆ ಏನೋ ಒಂದು ಹೇಳಲೂ ಇಲ್ಲ. "ಸರಿಯಾಗಿ ಕೇಳಿಕೊಂಡು ಬಂದು ಹೇಳ್ತೇನೆ" ಅಂತ ಸೋಂಕು ನಿಯಂತ್ರಣದ ಸಿಸ್ಟರ್ ಹತ್ತಿರ ಹೋದಳು.

ನಿಯಮ ಹೀಗಿದೆ. ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು, 2016ರ ಪ್ರಕಾರ ಮನುಷ್ಯನ ಅಂಗಾಂಗ ಹಳದಿ ಚೀಲಕ್ಕೆ ಹೋಗಬೇಕು. ಚೀಲಕ್ಕೆ ಬಾರ್‌ಕೋಡ್ ಇರುತ್ತೆ. 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ. ಚೀಲವನ್ನು ಸಾಮೂಹಿಕ ಸಂಸ್ಕರಣಾ ಘಟಕದವರು ಒಯ್ದು ಹೆಚ್ಚಿನ ಶಾಖದ ಕುಲುಮೆಯಲ್ಲಿ ಸುಡುತ್ತಾರೆ. ಅಂಥ ಘಟಕ ಕೈಗೆಟುಕದ ದೂರದ ಹಳ್ಳಿಗಾಡಿನಲ್ಲಿ ಮಾತ್ರ ಆಳದ ಗುಂಡಿಯಲ್ಲಿ ಹೂಳಲು ಅವಕಾಶ ಇದೆ. ನಾಯಿಗೆ ಸಿಗುವ ಪ್ರಶ್ನೆಯೇ ಬರಬಾರದು, ನಿಯಮ ಇರುವುದೇ ಅದಕ್ಕೆ.

ಬಂದು ಹೇಳಿದಳು. ತಾಂಡೇಲರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಬೆಂಕಿಗಾ?"

"ಹೌದು, ಬೆಂಕಿಗೇ."

"ನನ್ನದೊಂದೇ?"

ಇಲ್ಲಿ ಸುಳ್ಳು ಹೇಳುವುದು ಬಹಳ ಸುಲಭ. ಅವಳು ಹೇಳಲಿಲ್ಲ. "ಇಲ್ಲ, ಆಸ್ಪತ್ರೆಯ ಬೇರೆ ಚೀಲಗಳ ಜೊತೆಗೆ. ಆದರೆ ನಿಮ್ಮ ಚೀಲ ಬೇರೆ, ಕಟ್ಟಿದ ಚೀಲ, ಅದನ್ನ ಯಾರೂ ಬಿಚ್ಚೋದಿಲ್ಲ."

ಮನೆಗೆ ಕೊಡಬಹುದಾ ಅಂತ ಕೇಳಿದರು. ಸರ್ಜನ್ ಬೇಡ ಅಂದರು, ಸೋಂಕು ತುಂಬಿದ ಕಾಲು. ಹಾಗಾದರೆ ನನ್ನ ಬಟ್ಟೆ ಸುತ್ತಿ ಹಾಕಬಹುದಾ ಅಂದರು. ಥಿಯೇಟರ್ ಇನ್‌ಚಾರ್ಜ್ ಸಿಸ್ಟರ್ ಯೋಚಿಸಿ ಒಪ್ಪಿದರು. ಹತ್ತಿ ಬಟ್ಟೆ ತಾನೇ, ಚೀಲದ ಜೊತೆಗೇ ಸುಟ್ಟುಹೋಗುತ್ತೆ. ಮಗಳು ಒಗೆದ ಬಿಳಿ ಪಂಚೆಯ ತುಂಡು ತಂದುಕೊಟ್ಟಳು. ಸಂಜೆ ಸಹಿ ಆಯಿತು. ಯಾರೂ ಮತ್ತೆ ಕೇಳಬೇಕಾಗಲಿಲ್ಲ, ಅವರೇ ಹಾಳೆ ಕೊಡಿ ಅಂದರು.

ನನಗೆ ಈ ಪ್ರಕರಣದಲ್ಲಿ ಮುಖ್ಯ ಅನ್ನಿಸುವುದು ಈ ಭಾಗ. ಅಧ್ಯಾತ್ಮಿಕ ಆರೈಕೆ ಅಂದರೆ ಕೈಹಿಡಿದು ಕೂರುವುದು, ಭಜನೆ ಹಾಕುವುದು, ಪುರೋಹಿತರನ್ನೋ ಪಾದ್ರಿಗಳನ್ನೋ ಕರೆಸುವುದು ಅಂತ ಒಂದು ಚಿತ್ರ ನಮ್ಮ ತಲೆಯಲ್ಲಿದೆ. ಅದೂ ಬೇಕಾಗುತ್ತೆ. ಇಲ್ಲಿ ಬೇಕಾಗಿದ್ದು ತ್ಯಾಜ್ಯ ನಿರ್ವಹಣೆಯ ನಿಯಮ. ಹಳದಿ ಚೀಲ, ಬಾರ್‌ಕೋಡ್, ಕುಲುಮೆ. ಈ ಒಣ ಮಾಹಿತಿಯನ್ನು ನೆಟ್ಟಗೆ ಹೇಳಿದ್ದೇ ಅವರಿಗೆ ಸಂಸ್ಕಾರದ ಭರವಸೆಯಾಯಿತು. ಇನ್ನೊಬ್ಬರಿಗೆ ಇದೇ ಮಾಹಿತಿ ಎದೆ ಒಡೆಯಬಹುದು. ನಮ್ಮದೇ ಕರಾವಳಿಯಲ್ಲಿ ತೆಗೆದ ಕೈಕಾಲನ್ನು ಮಣ್ಣು ಮಾಡಬೇಕು ಅನ್ನುವ ಮುಸ್ಲಿಂ ಮನೆಗಳಿವೆ, ಕ್ರೈಸ್ತ ಮನೆಗಳಿವೆ. ಅವರಿಗೆ ಸುಡುವುದು ಅಂದರೆ ಸಂಕಟ. ಅಲ್ಲಿ ಮಾತು ಬೇರೆ ದಾರಿ ಹಿಡಿಯಬೇಕು, ಆಸ್ಪತ್ರೆಯ ಅನುಮತಿ, ಕಾಗದಪತ್ರ ಎಲ್ಲ ಥಿಯೇಟರ್‌ಗೆ ಹೋಗುವ ಮುಂಚೆಯೇ ಆಗಿರಬೇಕು. ಅದಕ್ಕೆ ಮೊದಲು ಕೇಳಿರಬೇಕು.

ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದರೆ ಸಾವಿನ ಹತ್ತಿರ ಇರುವವರ ಆರೈಕೆಯ ಮನೆ, ಶುರು ಮಾಡಿದ ಸಿಸಿಲಿ ಸಾಂಡರ್ಸ್ 'ಟೋಟಲ್ ಪೇನ್' ಅಂತ ಹೇಳಿದ್ದು ಕ್ಯಾನ್ಸರ್ ರೋಗಿಗಳನ್ನು ನೋಡಿ. ಮೈ ನೋವು, ಮನಸ್ಸಿನ ನೋವು, ಮನೆಯ ಚಿಂತೆ, ಬದುಕು ಸಾವಿನ ಪ್ರಶ್ನೆ, ಎಲ್ಲ ಸೇರಿದ್ದೇ ನೋವು ಅಂತ. ಆಕೆ ಡಾಕ್ಟರ್ ಆಗುವ ಮೊದಲು ನರ್ಸ್ ಆಗಿದ್ದವರು. ನಮ್ಮಲ್ಲಿ ಈ ಪಾಠವನ್ನು ಸಾಯುವವರ ವಾರ್ಡಿಗೆ ಮಾತ್ರ ಮೀಸಲಿಟ್ಟಿದ್ದೇವೆ. ಸರ್ಜರಿ ವಾರ್ಡಿನಲ್ಲಿ, ಹೆರಿಗೆ ವಾರ್ಡಿನಲ್ಲಿ, ಡಯಾಲಿಸಿಸ್ ಕುರ್ಚಿಯಲ್ಲಿ ಇದು ಬೇಡ ಅಂತ ಯಾರು ಹೇಳಿದರು?

ಆಪರೇಷನ್ ದಿನ ತಾಯತದ ವಿಷಯ ಬಂತು. ಕಾಟರಿ (ಕರೆಂಟಿನ ಶಾಖದಿಂದ ಕೊಯ್ದು ರಕ್ತ ನಿಲ್ಲಿಸುವ ಉಪಕರಣ) ಬಳಸುವಾಗ ಮೈಮೇಲೆ ಲೋಹ ಇದ್ದರೆ ಸುಡುವ ಅಪಾಯ ಇದೆ, ತೆಗೆಯಲೇಬೇಕು. ಕತ್ತರಿ ತಂದು ಕಚಕ್ ಅಂತ ಕತ್ತರಿಸುವುದು ಎಷ್ಟೋ ಕಡೆ ಅಭ್ಯಾಸ. ಇಲ್ಲಿ ಕಾರಣ ಹೇಳಿದೆವು, ಅವರೇ ಬಿಚ್ಚಿ ಮಗಳ ಕೈಗೆ ಕೊಟ್ಟರು, ಎಚ್ಚರವಾದ ಮೇಲೆ ಅವಳೇ ಕಟ್ಟಿದಳು. ಇದಕ್ಕೆ ಎರಡು ನಿಮಿಷ ಜಾಸ್ತಿ ಹಿಡಿಯಿತು ಅಷ್ಟೆ.

ಕೇರ್ ಪ್ಲಾನ್‌ನಲ್ಲಿ ಹೀಗೆ ಬರೆದೆವು: ತೀರಿಸದ ಹರಕೆ ಮತ್ತು ತೆಗೆದ ಅಂಗದ ಅಂತ್ಯದ ಬಗ್ಗೆ ಚಿಂತೆಯಿಂದ ಅಧ್ಯಾತ್ಮಿಕ ಸಂಕಟ, ಸಹಿಗೆ ನಿರಾಕರಣೆ, ಮೌನ, ನಿದ್ದೆ ಇಲ್ಲದಿರುವುದು, "ಇದನ್ನೇ ಕೇಳುತ್ತಿದ್ದಾನೆ" ಎಂಬ ಮಾತು ಇದಕ್ಕೆ ಆಧಾರ. ಶನಿವಾರ ರಾತ್ರಿ ಊಟ ಇಲ್ಲ, ಇನ್ಸುಲಿನ್ ಡೋಸ್ ಬಗ್ಗೆ ಡಾಕ್ಟರ್ ಸೂಚನೆ ಪಡೆಯುವುದು. ಯಾವ ದೇವರು, ಏನು ಹೇಳಿಕೊಂಡರು ಅನ್ನುವ ವಿವರ ಬರೆಯಲಿಲ್ಲ. ರೌಂಡ್ಸ್‌ನಲ್ಲಿ ಹತ್ತು ಜನರ ಮುಂದೆ ಓದುವ ಹಾಳೆ ಅದು, ಆ ಮನುಷ್ಯ ಮಗಳಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು ಇದು. ಚಿಕಿತ್ಸೆಗೆ ಬೇಕಾದಷ್ಟು ಬರೆದರೆ ಸಾಕು.

ಇನ್ನೊಂದು ಸಂಗತಿ ನಡೆಯಿತು, ಇದನ್ನು ಯಾರೂ ಎಣಿಸಿರಲಿಲ್ಲ. ಆಪರೇಷನ್ ಆದ ಎರಡು ದಿನಕ್ಕೆ ತಾಂಡೇಲರು ಮತ್ತೆ ಮಂಕಾದರು. ಗಾಯ ಚೆನ್ನಾಗಿತ್ತು, ಸಕ್ಕರೆ ಹಿಡಿತದಲ್ಲಿತ್ತು. ಕೇಳಿದರೆ, "ಹೆಬ್ಬೆರಳು ತುರಿಸ್ತಾ ಇದೆ" ಅಂದರು. ಇಲ್ಲದ ಬೆರಳು. ಫ್ಯಾಂಟಮ್ ಲಿಂಬ್ ಅಂತ ನಮಗೆಲ್ಲ ಗೊತ್ತಿರುವುದೇ, ಕಾಲು ತೆಗೆದ ಹೆಚ್ಚಿನವರಿಗೆ ಒಂದಲ್ಲ ಒಂದು ರೀತಿ ಬರುವಂಥದ್ದು. ಆದರೆ ಇವರು ಅದನ್ನು ಓದಿಕೊಂಡಿದ್ದು ಬೇರೆ ರೀತಿ. "ಸುಟ್ಟಿಲ್ಲ ಅದನ್ನ. ಸುಟ್ಟಿದ್ದರೆ ತುರಿಸ್ತಿತ್ತಾ? ಎಲ್ಲೋ ಬಿದ್ದಿದೆ."

ಹುಡುಗಿ ಎರಡು ಕೆಲಸ ಮಾಡಿದಳು. ಸೋಂಕು ನಿಯಂತ್ರಣದ ರಿಜಿಸ್ಟರ್ ನೋಡಿ ಆ ಚೀಲ ಬುಧವಾರ ಗಾಡಿಗೆ ಹೋಗಿದೆ ಅಂತ ಖಾತ್ರಿ ಮಾಡಿಕೊಂಡು ಬಂದು ಹೇಳಿದಳು. ಆಮೇಲೆ ತಲೆಯಲ್ಲಿ ಕಾಲಿಗೆ ಒಂದು ಜಾಗ ಇದೆ, ಕಾಲು ಹೋದರೂ ಆ ಜಾಗ ಹೋಗಿಲ್ಲ, ತುಂಡಾದ ನರದಿಂದ ಬರುವ ಸುದ್ದಿಯನ್ನು ಅದು ಇನ್ನೂ ಹೆಬ್ಬೆರಳಿನದ್ದು ಅಂತಲೇ ತಿಳಿಯುತ್ತೆ, ನಿಧಾನಕ್ಕೆ ಕಡಿಮೆಯಾಗಬಹುದು, ನೋವು ಬಂದರೆ ಔಷಧಿ ಇದೆ ಅಂತ ವಿವರಿಸಿದಳು. ಎರಡನೆಯದನ್ನು ಎಷ್ಟು ನಂಬಿದರೋ ಗೊತ್ತಿಲ್ಲ. ಬುಧವಾರ ಅನ್ನುವುದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡರು. ಮಗಳಿಗೆ ಹೇಳಿ ಮನೆಯಲ್ಲಿ ಒಂದು ದೀಪ ಹಚ್ಚಿಸಿದರು. ಕಾಲು ತೆಗೆಯುವ ಮುಂಚಿನ ಮಾತುಕತೆಯಲ್ಲೇ ಈ ತುರಿಕೆಯ ವಿಷಯ ಹೇಳಬೇಕು ಅನ್ನುವುದು ನನ್ನ ಸಲಹೆ, ಎಲ್ಲ ಸರ್ಜಿಕಲ್ ವಾರ್ಡುಗಳಿಗೂ.

ಬಿಡುಗಡೆಗೆ ಮುಂಚೆ ಕೃತಕ ಕಾಲಿನ ವಿಚಾರ ಬಂತು. ಬೂಟು ಹಾಕಿದ ಕಾಲಲ್ಲಿ ದೇವಸ್ಥಾನಕ್ಕೆ ಹೋಗುವುದು ಹೇಗೆ, ದೋಣಿ ಹತ್ತುವಾಗ ನೀರಿಗೆ ಇಳಿಯುವುದು ಹೇಗೆ ಅಂತ ಅವರ ಪ್ರಶ್ನೆ. ಜೈಪುರ ಕಾಲು ಬಂದದ್ದೇ ಈ ಪ್ರಶ್ನೆಯಿಂದ. 1960ರ ದಶಕದ ಕೊನೆಯಲ್ಲಿ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ ಮತ್ತು ಡಾ. ಪಿ.ಕೆ. ಸೇಠಿ ಸೇರಿ ಮಾಡಿದ ಆ ರಬ್ಬರ್ ಪಾದಕ್ಕೆ ಬೂಟು ಬೇಡ, ನೀರಿಗೆ ಕೆಡುವುದಿಲ್ಲ, ಅದರಲ್ಲಿ ಕುಕ್ಕರುಗಾಲಲ್ಲಿ ಕೂರಬಹುದು. ಬೂಟು ಬಿಟ್ಟು ಒಳಗೆ ಹೋಗುವ ನಮ್ಮ ದೇಶದ ಜನರನ್ನು ನೋಡಿ ಮಾಡಿದ ಪಾದ. ಅದನ್ನು ಹಾಕಿಕೊಂಡು ನಡೆದರೆ ಬರಿಗಾಲು ಅಂತ ಲೆಕ್ಕವಾ ಅಂತ ತಾಂಡೇಲರು ಕೇಳಿದರು. ಗುನಗರನ್ನೇ ಕೇಳಿ ಅಂದೆವು.

ಈ ಕೇಸಿನ ನಂತರ ವಾರ್ಡಿನ ದಾಖಲಾತಿ ಹಾಳೆಯಲ್ಲಿ "ಧರ್ಮ" ಅನ್ನುವುದರ ಕೆಳಗೆ ಕೈಬರಹದಲ್ಲಿ ಮೂರು ಸಾಲು ಸೇರಿದವು, ಆ ನೈಟ್ ಡ್ಯೂಟಿ ಸಿಸ್ಟರ್ ಬರೆದದ್ದು. ಯಾವ ವಾರ ಊಟ ಬಿಡ್ತೀರಿ? ಏನಾದರೂ ಹೇಳಿಕೊಂಡದ್ದು ಬಾಕಿ ಇದೆಯಾ? ನಮ್ಮ ಹತ್ತಿರ ಕೇಳಬೇಕು ಅಂತ ಇದ್ದು ಕೇಳದೆ ಇರೋದು ಏನಾದರೂ ಇದೆಯಾ? ಮೊದಲನೆಯದನ್ನು ಎಲ್ಲರೂ ತುಂಬುತ್ತಾರೆ, ಇನ್ಸುಲಿನ್ ಲೆಕ್ಕಕ್ಕೆ ಬೇಕಲ್ವಾ. ಎರಡನೆಯದು ಹೆಚ್ಚಾಗಿ ಖಾಲಿ ಇರುತ್ತೆ, ಹೊಸದಾಗಿ ಬಂದವರಿಗೆ ಅದನ್ನು ಕೇಳಲು ಸಂಕೋಚ. ಮೂರನೆಯದಕ್ಕೆ ಬರುವ ಉತ್ತರಗಳಲ್ಲಿ ದೇವರ ವಿಷಯ ಕಡಿಮೆ, ಮನೆಗೆ ಯಾವಾಗ ಕಳಿಸ್ತೀರಿ ಅನ್ನುವುದೇ ಜಾಸ್ತಿ.